ಮಣ್ಣಿನ ಸಾರಜನಕ ಗಿಡಕ್ಕೆ ಸಿಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಗೊಬ್ಬರ, ಒಂದೇ ಪ್ರಮಾಣ, ಒಂದೇ ಬೆಳೆ. ಆದರೂ ಒಂದು ಹೊಲದಲ್ಲಿ ಗಿಡ ಕಡುಹಸಿರಾಗಿ ಎದ್ದು ನಿಲ್ಲುತ್ತದೆ, ಪಕ್ಕದ ಹೊಲದಲ್ಲಿ ಹಳದಿಗೆ ತಿರುಗುತ್ತದೆ. ಸಾರಜನಕದ ಬಗ್ಗೆ ಬರುವ ಹೆಚ್ಚಿನ ಪ್ರಶ್ನೆಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ. ಗೊಬ್ಬರದ ಲೆಕ್ಕ ಹಾಕುವ ಮೊದಲು, ನಿಮ್ಮ ಮಣ್ಣಿನಲ್ಲಿ ಸಾರಜನಕ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ದಾರಿಯಲ್ಲಿ ಕೈತಪ್ಪುತ್ತದೆ ಅಂತ ತಿಳಿದುಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಗಾಳಿಯಲ್ಲಿ ಇಷ್ಟೊಂದು ಸಾರಜನಕ ಇದೆ. ಗಿಡಕ್ಕೆ ಕೊರತೆ ಯಾಕೆ?

ಗಾಳಿಯಲ್ಲಿ ನೂರಕ್ಕೆ ಸುಮಾರು 78 ಭಾಗ ಸಾರಜನಕವೇ. ಆದರೆ ಅಲ್ಲಿ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಬಿಗಿಯಾಗಿ ಕಟ್ಟಿಕೊಂಡಿರುತ್ತವೆ. ಆ ಕಟ್ಟು ಬಿಚ್ಚುವ ಶಕ್ತಿ ಗಿಡಕ್ಕಿಲ್ಲ, ನಮ್ಮ ದೇಹಕ್ಕೂ ಇಲ್ಲ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳಿಗೆ ಮಾತ್ರ ಇದೆ. ಮಿಂಚು ಹೊಡೆದಾಗ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಭಾರಿ ಒತ್ತಡ, ಭಾರಿ ಶಾಖ ಕೊಟ್ಟು ಬಿಚ್ಚುತ್ತಾರೆ. ಫ್ರಿಟ್ಜ್ ಹೇಬರ್ ಇದನ್ನು 1909ರಲ್ಲಿ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ದೊಡ್ಡ ಪ್ರಮಾಣಕ್ಕೆ ಬೆಳೆಸಿದರು. 1913ರಲ್ಲಿ ಜರ್ಮನಿಯ ಒಪ್ಪೌನಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ಇವತ್ತಿನ ಯೂರಿಯಾ ಬರುವುದು ಅದೇ ದಾರಿಯಲ್ಲಿ.

ಗಿಡ ಯಾವ ರೂಪದಲ್ಲಿ ಸಾರಜನಕ ತೆಗೆದುಕೊಳ್ಳುತ್ತದೆ?

ಮುಖ್ಯವಾಗಿ ಎರಡು ರೂಪ: ಅಮೋನಿಯಂ ಮತ್ತು ನೈಟ್ರೇಟ್. ಬೇರು ಯೂರಿಯಾವನ್ನು, ಸಣ್ಣ ಅಮೈನೋ ಆಮ್ಲಗಳನ್ನು ಕೂಡ ಸ್ವಲ್ಪ ಹೀರುತ್ತದೆ. ಆದರೆ ಹೊಲದ ಬೆಳೆಯಲ್ಲಿ ಅದರ ಪಾಲು ಚಿಕ್ಕದು.

ಈ ಎರಡರ ಸ್ವಭಾವ ಪೂರ್ತಿ ಬೇರೆ. ಅಮೋನಿಯಂಗೆ ಧನ ವಿದ್ಯುದಂಶ ಇದೆ. ಜೇಡಿ ಕಣಕ್ಕೂ ಕಳಿತ ಸಾವಯವ ಪದಾರ್ಥಕ್ಕೂ ಇರುವುದು ಋಣ ವಿದ್ಯುದಂಶ. ಹಾಗಾಗಿ ಅಮೋನಿಯಂ ಮಣ್ಣಿಗೆ ಅಂಟಿಕೊಂಡು ಉಳಿಯುತ್ತದೆ. ನೈಟ್ರೇಟ್ ಋಣ, ಅದನ್ನು ಮಣ್ಣು ಹಿಡಿಯುವುದಿಲ್ಲ. ನೀರು ಹೋದ ಕಡೆ ಅದೂ ಹೋಗುತ್ತದೆ. ಇದೊಂದು ವ್ಯತ್ಯಾಸ ಮನಸ್ಸಿನಲ್ಲಿದ್ದರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಬಹುದು.

ನನ್ನ ಮಣ್ಣಿನಲ್ಲಿ ಒಟ್ಟು ಎಷ್ಟು ಸಾರಜನಕ ಇರಬಹುದು?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಲೆಕ್ಕ ಹಾಕಿ ನೋಡೋಣ. ಒಂದು ಹೆಕ್ಟೇರಿನಲ್ಲಿ ಉಳುಮೆಯ ಆಳದ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.5 ಅಂತ ಬಂತು ಅನ್ನಿ. ಅಂದರೆ 10,000 ಕಿಲೋ ಇಂಗಾಲ. ಮಣ್ಣಿನ ಸಾವಯವ ಪದಾರ್ಥದಲ್ಲಿ ಸಾಮಾನ್ಯವಾಗಿ 10–12 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರುತ್ತದೆ. ಹಾಗಾದರೆ ಸುಮಾರು 900 ಕಿಲೋ ಸಾರಜನಕ ನೆಲದಲ್ಲೇ ಇದೆ.

ಆದರೆ ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಸಾವಯವ ರೂಪದಲ್ಲಿ ಬಂದಿಯಾಗಿರುತ್ತದೆ. ವರ್ಷಕ್ಕೆ ಬಿಡುಗಡೆ ಆಗುವುದು ಸುಮಾರು ಶೇ. 1ರಿಂದ 3. ಶೇ. 2 ಅಂತ ಹಿಡಿದರೆ 18 ಕಿಲೋ. ಸಾವಯವ ಇಂಗಾಲ ಶೇ. 1 ಇದ್ದಿದ್ದರೆ ಅದೇ ಲೆಕ್ಕದಲ್ಲಿ 36 ಕಿಲೋ ಸಿಗುತ್ತಿತ್ತು. ಒಂದು ಮಣ್ಣು ತಾನಾಗಿಯೇ ಬೆಳೆ ಸಾಕುತ್ತದೆ, ಇನ್ನೊಂದು ಪ್ರತಿ ಬೆಳೆಗೂ ಕೈ ಚಾಚುತ್ತದೆ. ಯಾಕೆ ಅಂತ ಈ ಎರಡು ಸಂಖ್ಯೆಗಳನ್ನು ನೋಡಿದರೆ ಗೊತ್ತಾಗುತ್ತದೆ.

ಆ ಬಂದಿಯಾದ ಸಾರಜನಕವನ್ನು ಬಿಡಿಸುವುದು ಯಾರು?

ಸೂಕ್ಷ್ಮಜೀವಿಗಳು. ಮೊದಲು ಹಲವು ಬಗೆಯ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಎಲೆ, ಬೇರು, ಸಗಣಿಯಲ್ಲಿರುವ ಪ್ರೋಟೀನನ್ನು ಒಡೆದು ಅಮೋನಿಯಂ ಮಾಡುತ್ತವೆ. ಈ ಕೆಲಸ ಎಂಥ ಮಣ್ಣಿನಲ್ಲೂ ಒಂದು ಮಟ್ಟಿಗೆ ನಡೆಯುತ್ತದೆ. ಆಮೇಲೆ ಬೇರೆ ಒಂದು ಗುಂಪು ಅಮೋನಿಯಂ ಅನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೊಸೋಮೊನಾಸ್, ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್ ಈ ಗುಂಪುಗಳ ಹೆಸರುವಾಸಿ ಸದಸ್ಯರು. ಇವು ಸ್ವಲ್ಪ ನಾಜೂಕಿನ ಜೀವಿಗಳು. ಗಾಳಿ ಬೇಕು, ಹದವಾದ ತೇವ ಬೇಕು. ಬಿಸಿ 25–35 ಡಿಗ್ರಿ ಇದ್ದರೆ ಚುರುಕು, 5 ಡಿಗ್ರಿಯ ಹತ್ತಿರ ಬಂದರೆ ಕೆಲಸ ನಿಂತೇ ಹೋಗುತ್ತದೆ. ಮಣ್ಣು ತೀರಾ ಹುಳಿಯಾದರೂ ನಿಧಾನ.

ಇದು ಜೀವಿಗಳ ಕೆಲಸ ಅಂತ ಗೊತ್ತಾಗಿದ್ದು 1877ರಲ್ಲಿ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಮರಳು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ ಕೆಲವು ವಾರ ಹಾಕಿದ ಅಮೋನಿಯಾ ಹಾಗೇ ಕೆಳಗೆ ಬಂತು. ಆಮೇಲೆ ನೈಟ್ರೇಟ್ ಬರತೊಡಗಿತು. ಇದು ಬರೀ ರಾಸಾಯನಿಕ ಕ್ರಿಯೆ ಆಗಿದ್ದರೆ ಮೊದಲ ದಿನದಿಂದಲೇ ಆಗಬೇಕಿತ್ತು, ಅಲ್ವಾ? ಕ್ಲೋರೊಫಾರ್ಮ್ ಹಾಕಿದ ಕೂಡಲೇ ನೈಟ್ರೇಟ್ ನಿಂತಿತು. ಅದನ್ನು ತೊಳೆದು ತೆಗೆದು, ತೋಟದ ಮಣ್ಣು ಕದಡಿದ ನೀರನ್ನು ಸುರಿದ ಮೇಲೆ ಮತ್ತೆ ಶುರುವಾಯಿತು. ಮಣ್ಣಿನ ವಿಷಯದಲ್ಲಿ ಇಷ್ಟು ಸರಳವಾಗಿ, ಇಷ್ಟು ಖಚಿತವಾಗಿ ಮಾತು ಮುಗಿಸಿದ ಪ್ರಯೋಗಗಳು ಕಡಿಮೆ.

ಬೇಸಿಗೆ ಮುಗಿದು ಮೊದಲ ಮಳೆ ಬಿದ್ದ ಕೂಡಲೇ ಎಲ್ಲ ಹಸಿರಾಗುತ್ತದೆ. ಇದು ನೀರಿನಿಂದ ಮಾತ್ರವೇ?

ಅಲ್ಲ, ಸಾರಜನಕದ ಪಾಲೂ ಇದೆ. ಮಣ್ಣು ಚೆನ್ನಾಗಿ ಒಣಗಿದಾಗ ಬಹಳಷ್ಟು ಸೂಕ್ಷ್ಮಜೀವಿಗಳು ಸಾಯುತ್ತವೆ, ಮಣ್ಣಿನ ಹೆಂಟೆಗಳು ಸಡಿಲಾಗುತ್ತವೆ. ಮಳೆ ಬಿದ್ದಾಗ ಉಳಿದ ಜೀವಿಗಳು ಒಮ್ಮೆಲೇ ಎದ್ದು ಸತ್ತವನ್ನೂ, ಹೊಸದಾಗಿ ಬಯಲಾದ ಸಾವಯವ ಪದಾರ್ಥವನ್ನೂ ತಿನ್ನುತ್ತವೆ. ಕೆಲವೇ ದಿನಗಳಲ್ಲಿ ಅಮೋನಿಯಂ, ಅದರ ಹಿಂದೆಯೇ ನೈಟ್ರೇಟ್ ಏರುತ್ತದೆ. ಪೂರ್ವ ಆಫ್ರಿಕಾದ ಮಣ್ಣುಗಳಲ್ಲಿ ಇದನ್ನು ಅಳೆದು 1958ರಲ್ಲಿ ವಿವರಿಸಿದವರು ಬರ್ಚ್. ಇದಕ್ಕೆ ಬರ್ಚ್ ಪರಿಣಾಮ ಅಂತಲೇ ಹೆಸರು.

ಈ ಉಬ್ಬರ ಹೆಚ್ಚು ದಿನ ಇರುವುದಿಲ್ಲ. ಬಿತ್ತನೆ ತಡವಾಗಿ, ನಡುವೆ ಜೋರು ಮಳೆ ಬಂದರೆ ಪುಕ್ಕಟೆ ಸಿಕ್ಕ ನೈಟ್ರೇಟ್ ಕೆಳಕ್ಕೆ ಬಸಿದು ಹೋಗುತ್ತದೆ. ಹದ ಸಿಕ್ಕಾಗ ಬಿತ್ತಬೇಕು ಅನ್ನುವುದಕ್ಕೆ ತೇವದ ಜೊತೆಗೆ ಇದೂ ಒಂದು ಕಾರಣ.

ಮರಳು ಮಣ್ಣಿನಲ್ಲಿ ಎಷ್ಟು ಹಾಕಿದರೂ ನಿಲ್ಲುವುದಿಲ್ಲ. ಏನು ಮಾಡಬೇಕು?

ಮರಳಿನಲ್ಲಿ ಅಮೋನಿಯಂ ಹಿಡಿಯುವ ಜೇಡಿ ಕಮ್ಮಿ, ಸಾವಯವ ಪದಾರ್ಥ ಕಮ್ಮಿ. ಗಾಳಿ ಚೆನ್ನಾಗಿ ಆಡುವುದರಿಂದ ಅಮೋನಿಯಂ ಬೇಗ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಆದ ಮೇಲೆ ಒಂದು ಜೋರು ಮಳೆ ಸಾಕು.

ಎಷ್ಟು ಕೆಳಗೆ ಹೋಗುತ್ತದೆ ಅಂತ ಅಂದಾಜು ಮಾಡಬಹುದು. ಮರಳು ಮಣ್ಣು ಬಸಿದ ಮೇಲೆ ತನ್ನ ಗಾತ್ರದ ಹತ್ತರಲ್ಲಿ ಒಂದು ಪಾಲು ನೀರು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ತೇವದ ಮಣ್ಣಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ, ಹೊಸ ನೀರು ಹಳೆ ನೀರನ್ನು ಸುಮಾರು 25 ಸೆಂ.ಮೀ. ಕೆಳಗೆ ತಳ್ಳುತ್ತದೆ. ಅಂದರೆ ಒಂದು ಗೇಣಿಗಿಂತ ಜಾಸ್ತಿ. ಜೇಡಿ ಮಣ್ಣು ತನ್ನ ಗಾತ್ರದ ಶೇ. 35–40ರಷ್ಟು ನೀರು ಹಿಡಿಯುತ್ತದೆ. ಅದೇ ಮಳೆಗೆ ಅಲ್ಲಿ ನೈಟ್ರೇಟ್ ಜಾರುವುದು 6–7 ಸೆಂ.ಮೀ. ಮಾತ್ರ. ಮರಳಿನಲ್ಲಿ ಇಂಥ ಮೂರು ಮಳೆ ಬಂದರೆ ಎಳೆ ಬೆಳೆಯ ಬೇರಿಗೆ ನೈಟ್ರೇಟ್ ಎಟುಕುವುದೇ ಇಲ್ಲ.

ಆದ್ದರಿಂದ ಇಲ್ಲಿ ಪ್ರಮಾಣ ಹೆಚ್ಚಿಸುವುದು ಪರಿಹಾರ ಅಲ್ಲ. ಸ್ವಲ್ಪ ಸ್ವಲ್ಪ, ಹಲವು ಕಂತಿನಲ್ಲಿ ಕೊಡಿ. ಹನಿ ನೀರಾವರಿ ಇದ್ದರೆ ನೀರಿನ ಜೊತೆಗೇ ಕೊಡಿ. ಯೂರಿಯಾ ಹಾಕಿದ ತಕ್ಷಣ ಹೊಲ ತುಂಬ ನೀರು ಬಿಡಬೇಡಿ. ಯೂರಿಯಾಕ್ಕೆ ಯಾವ ವಿದ್ಯುದಂಶವೂ ಇಲ್ಲ, ಅಮೋನಿಯಂ ಆಗುವವರೆಗೆ ಅದೂ ನೈಟ್ರೇಟಿನ ಹಾಗೇ ನೀರಿನ ಹಿಂದೆ ಹೋಗುತ್ತದೆ. ಕಳಿತ ಗೊಬ್ಬರ ಪ್ರತಿ ವರ್ಷ ಬೀಳುತ್ತಿರಲಿ. ಮರಳಿನಲ್ಲಿ ಸಾವಯವ ಪದಾರ್ಥವೇ ಜೇಡಿಯ ಕೆಲಸ ಮಾಡುತ್ತದೆ.

ಎರೆ ಮಣ್ಣು ಇಷ್ಟು ಕಪ್ಪಗಿದೆ. ಅದರಲ್ಲಿ ಸಾರಜನಕ ತುಂಬಾ ಇರಬೇಕಲ್ವಾ?

ಬಣ್ಣ ನೋಡಿ ಹೇಳಲು ಆಗುವುದಿಲ್ಲ. ಎರೆ ಮಣ್ಣಿನ ಕಪ್ಪಿಗೂ ಸಾವಯವ ಪದಾರ್ಥದ ಪ್ರಮಾಣಕ್ಕೂ ನೇರ ನಂಟಿಲ್ಲ. ಸ್ವಲ್ಪವೇ ಸಾವಯವ ಪದಾರ್ಥ ಆ ಜೇಡಿಯ ಜೊತೆ ಗಟ್ಟಿಯಾಗಿ ಬೆರೆತು ಇಡೀ ಮಣ್ಣನ್ನು ಕಪ್ಪು ಮಾಡಬಲ್ಲದು. ಸಾರಜನಕದ ಮಟ್ಟಿಗೆ ಬಹಳ ಎರೆ ಹೊಲಗಳು ಬಡವೇ.

ಅದರ ಶಕ್ತಿ ಹಿಡಿದಿಡುವುದರಲ್ಲಿದೆ. ಎರೆ ಮಣ್ಣಿನ ಹಿಗ್ಗುವ ಜೇಡಿ ಅಮೋನಿಯಂ ಅನ್ನು ಕೆಂಪು ಮಣ್ಣಿನ ಜೇಡಿಗಿಂತ ಹಲವು ಪಟ್ಟು ಜಾಸ್ತಿ ಹಿಡಿಯುತ್ತದೆ. ಕೆಲವು ಬಗೆಯ ಜೇಡಿಗಳಲ್ಲಿ ಅಮೋನಿಯಂ ಪದರಗಳ ಒಳಗೇ ಸಿಕ್ಕಿಹಾಕಿಕೊಂಡು ನಿಧಾನವಾಗಿ ಹೊರಬರುತ್ತದೆ. ಹೀಗೆ ಸಿಕ್ಕಿಕೊಂಡಿದ್ದು ನಷ್ಟ ಅಲ್ಲ, ಆದರೆ ಈ ವಾರ ಹಸಿದ ಬೆಳೆಗೆ ಪ್ರಯೋಜನವೂ ಇಲ್ಲ.

ಇಲ್ಲಿ ಕಾಡುವ ತೊಂದರೆ ಬೇರೆ. ಮಳೆ ಹಿಡಿದು ನೀರು ನಿಂತರೆ ರಂಧ್ರಗಳಲ್ಲಿ ಗಾಳಿ ಮುಗಿಯುತ್ತದೆ. ಆಗ ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನೇ ಬಳಸಿ ಉಸಿರಾಡುತ್ತವೆ. ನೈಟ್ರೇಟ್ ಅನಿಲವಾಗಿ ಮೇಲಕ್ಕೆ ಹೋಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ದಿನ ನೀರು ನಿಂತರೂ ದೊಡ್ಡ ನಷ್ಟ. ಎರೆ ಹೊಲದಲ್ಲಿ ಸಾರಜನಕ ಉಳಿಸುವ ಮೊದಲ ಕೆಲಸ ಬಸಿಗಾಲುವೆ ತೆಗೆಯುವುದು, ಗೊಬ್ಬರದ ಚೀಲ ಬಿಚ್ಚುವುದು ಆಮೇಲೆ. ಒಣಗಿದಾಗ ಬಿಡುವ ಬಿರುಕುಗಳ ಕಡೆಗೂ ಗಮನ ಇರಲಿ. ಬಿರುಕು ಬಿಟ್ಟ ಹೊಲಕ್ಕೆ ಮೇಲೆ ಎರಚಿದ ಗೊಬ್ಬರ ಮೊದಲ ನೀರಿನ ಜೊತೆ ಸೀದಾ ಆಳಕ್ಕೆ ಇಳಿಯುತ್ತದೆ.

ಕೆಂಪು ಮಣ್ಣಿನ ಕತೆ ಏನು?

ಬಹುಪಾಲು ಕೆಂಪು ಮಣ್ಣಿನಲ್ಲಿ ಸಾವಯವ ಪದಾರ್ಥ ಕಮ್ಮಿ, ಜೇಡಿಯ ಹಿಡಿತವೂ ಸಡಿಲ. ಹಾಗಾಗಿ ನಡವಳಿಕೆ ಮರಳಿನ ಕಡೆಗೇ ವಾಲುತ್ತದೆ. ಒಂದು ವಿಶೇಷ ಇದೆ. ಬಹಳ ಹಳೆಯ, ಮಳೆಗೆ ಚೆನ್ನಾಗಿ ಸವೆದ ಕೆಂಪು ಮಣ್ಣಿನ ಕೆಳಪದರದಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳಿಗೆ ಸ್ವಲ್ಪ ಧನ ವಿದ್ಯುದಂಶ ಇರುತ್ತದೆ. ಅದು ನೈಟ್ರೇಟನ್ನು ಒಂದಿಷ್ಟು ತಡೆದು ನಿಲ್ಲಿಸುತ್ತದೆ. ಆಳಕ್ಕೆ ಬೇರು ಬಿಡುವ ಬೆಳೆಗೆ, ಮರಗಳಿಗೆ ಅದು ಮತ್ತೆ ಸಿಗಬಹುದು. ಬೆಳೆ ಸಾಲುಗಳ ನಡುವೆ ಆಳ ಬೇರಿನ ಮರ ಇಟ್ಟುಕೊಳ್ಳಲು ಇದೂ ಒಂದು ಒಳ್ಳೆ ಕಾರಣ.

ಮಣ್ಣು ಹುಳಿಯಾಗಿದ್ದರೆ?

ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ; 7 ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಅದು 5ಕ್ಕಿಂತ ಕೆಳಗೆ ಹೋದರೆ ನೈಟ್ರೇಟ್ ಆಗುವ ಕೆಲಸ ನಿಧಾನ. ಸಾರಜನಕ ಅಮೋನಿಯಂ ಆಗಿಯೇ ಹೆಚ್ಚು ಹೊತ್ತು ಉಳಿಯುತ್ತದೆ. ಚಹಾ ಗಿಡದಂಥ ಹುಳಿ ಮಣ್ಣಿನ ಬೆಳೆಗಳಿಗೆ ಅದೇ ಹಿತ. ಉಳಿದ ಹೆಚ್ಚಿನ ಬೆಳೆಗಳಿಗೆ ಅಲ್ಯೂಮಿನಿಯಂ ಕಾಟದಿಂದ ಬೇರೇ ಮೊಟಕಾಗುತ್ತದೆ. ಸಾರಜನಕ ಇದ್ದರೂ ಹೀರುವ ಬೇರಿಲ್ಲ. ದ್ವಿದಳ ಬೆಳೆಯ ಬೇರಿನಲ್ಲಿ, ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳಿರುವ ಗಂಟು ಕಟ್ಟುವುದೂ ಕಮ್ಮಿಯಾಗುತ್ತದೆ. ಗಂಟಿನ ಬ್ಯಾಕ್ಟೀರಿಯಾಗಳಿಗೆ ಹುಳಿ ಆಗುವುದಿಲ್ಲ, ಅವುಗಳಿಗೆ ಬೇಕಾದ ಮಾಲಿಬ್ಡಿನಂ ಎಂಬ ಸೂಕ್ಷ್ಮ ಪೋಷಕಾಂಶ ಕೂಡ ಹುಳಿ ಮಣ್ಣಿನಲ್ಲಿ ಸರಿಯಾಗಿ ಸಿಗುವುದಿಲ್ಲ. ಪರೀಕ್ಷೆ ಮಾಡಿಸಿ ಸುಣ್ಣ ಹಾಕುವುದು ಇಲ್ಲಿ ಸಾರಜನಕದ ಕೆಲಸವೂ ಹೌದು.

ಅಮೋನಿಯಂ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ವರ್ಷಗಟ್ಟಲೆ ಅಮೋನಿಯಂ ಸಲ್ಫೇಟ್ ಅಥವಾ ಯೂರಿಯಾ ಹಾಕುತ್ತಾ ಸುಣ್ಣದ ಕಡೆ ನೋಡದೇ ಇದ್ದರೆ ಮಣ್ಣು ಇನ್ನಷ್ಟು ಹುಳಿಯಾಗುತ್ತದೆ.

ಕ್ಷಾರ ಮಣ್ಣಿಗೆ ಯೂರಿಯಾ ಎರಚಿದರೆ ಮೂಗಿಗೆ ಘಾಟು ಬಡಿಯುತ್ತದೆ. ಯಾಕೆ?

ಆ ಘಾಟೇ ನಿಮ್ಮ ಸಾರಜನಕ. ಯೂರಿಯಾದಲ್ಲಿ ಶೇ. 46 ಸಾರಜನಕ ಇದೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಕೆಲವೇ ದಿನಗಳಲ್ಲಿ ಒಡೆದು ಅಮೋನಿಯಂ ಮಾಡುತ್ತದೆ. ಒಂದು ಕಾಳನ್ನೇ ಹತ್ತಿರದಿಂದ ನೋಡೋಣ. ಅದು ಕರಗಿ ಒಡೆಯುವಾಗ ಸುತ್ತಲಿನ ಚೂರು ಮಣ್ಣಿನಲ್ಲಿ ಪಿಎಚ್ ಏರುತ್ತದೆ, 8.5–9ರವರೆಗೂ ಹೋಗಬಹುದು. ಹುಳಿ ಮಣ್ಣಿನಲ್ಲೂ ಆ ಕಾಳಿನ ಸುತ್ತ ಹೀಗೇ ಆಗುತ್ತದೆ. ಪಿಎಚ್ ಏರಿದಷ್ಟೂ ಅಮೋನಿಯಂ ಹೆಚ್ಚು ಹೆಚ್ಚಾಗಿ ಅಮೋನಿಯಾ ಎಂಬ ಘಾಟು ಅನಿಲವಾಗುತ್ತದೆ. ಪಿಎಚ್ 7ರಲ್ಲಿ ಈ ಅನಿಲದ ಪಾಲು ನೂರಕ್ಕೆ ಒಂದೂ ಇಲ್ಲ. 8ರಲ್ಲಿ ಸುಮಾರು 5. 9.25 ಮುಟ್ಟಿದರೆ ಅರ್ಧಕ್ಕರ್ಧ. ಮಣ್ಣೇ ಕ್ಷಾರವಾಗಿದ್ದರೆ ಈ ಏರಿಕೆಯನ್ನು ತಗ್ಗಿಸುವ ಆಮ್ಲವೇ ಅಲ್ಲಿಲ್ಲ.

ನೆಲ ಬೆಚ್ಚಗಿದ್ದು, ಮೇಲ್ಮೈ ಬರೀ ತೇವವಾಗಿದ್ದು, ಗಾಳಿ ಬೀಸುತ್ತಿದ್ದರೆ ನಷ್ಟ ಅತಿ ಹೆಚ್ಚು. ಇಬ್ಬನಿಯ ತೇವ ಕೂಡ ಕಾಳನ್ನು ಒಡೆಯಲು ಸಾಕು, ಒಳಗೆ ಇಳಿಸಲು ಸಾಲದು. ಅದಕ್ಕೇ ಇಬ್ಬನಿ ಕೂತ ಬೆಳಗ್ಗೆ ಎರಚುವುದು ಒಳ್ಳೆಯದಲ್ಲ. ಕಾಳನ್ನು 5 ಸೆಂ.ಮೀ. ಆಳಕ್ಕೆ ಹಾಕಿ ಮಣ್ಣು ಮುಚ್ಚಿ. ಆಗದಿದ್ದರೆ 10–15 ಮಿ.ಮೀ. ನೀರು ಕೊಟ್ಟು ಒಳಗೆ ಇಳಿಸಿ. ಮರಳಿನಲ್ಲಿ ನೀರು ಮಿತವಾಗಿರಲಿ ಅಂದೆ, ಇಲ್ಲಿ ನೀರು ಕೊಡಿ ಅನ್ನುತ್ತಿದ್ದೇನೆ. ಎರಡೂ ಸರಿ. ಕಾಳು ಒಳಗೆ ಇಳಿಯುವಷ್ಟು ನೀರು ಬೇಕು, ಬೇರು ದಾಟುವಷ್ಟು ಬೇಡ.

ಯೂರಿಯೇಸ್ ಕಿಣ್ವವನ್ನು ಜೇಮ್ಸ್ ಸಮ್ನರ್ 1926ರಲ್ಲಿ ಹರಳು ರೂಪದಲ್ಲಿ ಬೇರ್ಪಡಿಸಿದರು. ಹರಳಾಗಿ ಸಿಕ್ಕ ಮೊದಲ ಕಿಣ್ವ ಅದು. ಈಗ ಕೆಲವು ಯೂರಿಯಾಕ್ಕೆ ಅದೇ ಕಿಣ್ವವನ್ನು ತಡೆಯುವ ಲೇಪ ಹಾಕುತ್ತಾರೆ. ಮೇಲೆಯೇ ಎರಚಬೇಕಾದ ಹೊಲಗಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ.

ನೀರು ನಿಂತ ಭತ್ತದ ಗದ್ದೆಯಲ್ಲಿ ಸಾರಜನಕ ಹೇಗೆ ವರ್ತಿಸುತ್ತದೆ?

ಇಲ್ಲಿ ಬಹಳಷ್ಟು ತಲೆಕೆಳಗು. ಗದ್ದೆಗೆ ನೀರು ಕಟ್ಟಿದ ಮೇಲೆ ಮಣ್ಣಿನಲ್ಲಿ ಎರಡು ಪದರ ಆಗುತ್ತದೆ. ನೀರಿಗೆ ತಾಗಿದ ಮೇಲಿನ ಕೆಲವು ಮಿ.ಮೀ. ಮಣ್ಣಿಗೆ ಮಾತ್ರ ಆಮ್ಲಜನಕ ಸಿಗುತ್ತದೆ. ಅದು ಸ್ವಲ್ಪ ಕಂದು ಬಣ್ಣದಲ್ಲಿರುತ್ತದೆ. ಅದರ ಕೆಳಗೆಲ್ಲ ನೀಲಿಗಪ್ಪು ಕೆಸರು, ಗಾಳಿಯೇ ಇಲ್ಲ. ಕೈ ಹಾಕಿ ಒಂದು ಹಿಡಿ ತೆಗೆದರೆ ಬಣ್ಣದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಮೇಲೆ ಎರಚಿದ ಯೂರಿಯಾ ಆ ತೆಳು ಪದರದಲ್ಲಿ ಮೊದಲು ಅಮೋನಿಯಂ, ಆಮೇಲೆ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಸ್ವಲ್ಪ ಕೆಳಗಿಳಿದರೆ ಸಾಕು, ಗಾಳಿಯಿಲ್ಲದ ಕೆಸರಿನಲ್ಲಿ ಅನಿಲವಾಗಿ ಗುಳ್ಳೆ ಗುಳ್ಳೆಯಾಗಿ ಹೋಗುತ್ತದೆ. ಇದೊಂದು ದಾರಿ. ಇನ್ನೊಂದು ದಾರಿ ನಿಂತ ನೀರಿನಲ್ಲೇ ಇದೆ. ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ನಡುಮಧ್ಯಾಹ್ನದ ಹೊತ್ತಿಗೆ ನೀರಿನ ಪಿಎಚ್ 9 ದಾಟಬಹುದು. ರಾತ್ರಿ ಮತ್ತೆ ಇಳಿಯುತ್ತದೆ. ಬಿಸಿಲೇರಿದ ಮೇಲೆ ನಿಂತ ನೀರಿಗೆ ಯೂರಿಯಾ ಎರಚಿದರೆ ಎಷ್ಟು ಹಾರಿಹೋಗುತ್ತದೆ ಅಂತ ಇನ್ನು ಹೇಳಬೇಕಾಗಿಲ್ಲ.

ಕೆಳಗಿನ ಕೆಸರಿನಲ್ಲಿ ಮಾತ್ರ ಅಮೋನಿಯಂ ಭದ್ರ. ಗಾಳಿಯಿಲ್ಲ, ಹಾಗಾಗಿ ನೈಟ್ರೇಟ್ ಆಗುವುದಿಲ್ಲ. ಭತ್ತದ ಬೇರಿಗೆ ಅಮೋನಿಯಂ ಚೆನ್ನಾಗಿ ಒಗ್ಗುತ್ತದೆ. ಆದ್ದರಿಂದ ನೀರು ಬಸಿದು, ಗೊಬ್ಬರ ಹಾಕಿ, ಕೆಸರಿಗೆ ತುಳಿದು ಸೇರಿಸಿ, ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟುವುದು ಒಳ್ಳೆಯದು. ದಪ್ಪ ಗುಳಿಗೆಯ ಯೂರಿಯಾ ಸಿಕ್ಕರೆ ನಾಲ್ಕು ಬುಡಗಳ ನಡುವೆ 7–10 ಸೆಂ.ಮೀ. ಆಳಕ್ಕೆ ಒತ್ತಬಹುದು. ಕೈಕೆಲಸ ಜಾಸ್ತಿ, ಆದರೆ ಅಷ್ಟೇ ಇಳುವರಿಗೆ ಗೊಬ್ಬರ ಕಮ್ಮಿ ಸಾಕು. ನೈಟ್ರೇಟ್ ಇರುವ ಗೊಬ್ಬರವನ್ನು ನಾಟಿ ಹೊತ್ತಿಗೆ ಗದ್ದೆಗೆ ಹಾಕಲೇಬೇಡಿ.

ಗದ್ದೆಯನ್ನು ಒಣಗಿಸಿ ಮತ್ತೆ ನೀರು ಕಟ್ಟುವ ಪದ್ಧತಿಯಿಂದ ನೀರು ಉಳಿಯುತ್ತದೆ, ನಿಜ. ಆದರೆ ಒಣಗಿದಾಗ ನೈಟ್ರೇಟ್ ಹುಟ್ಟುತ್ತದೆ, ನೀರು ಬಂದಾಗ ಅದು ಅನಿಲವಾಗುತ್ತದೆ. ಈ ಪದ್ಧತಿ ಮಾಡುವವರು ಮೇಲುಗೊಬ್ಬರವನ್ನು ನೀರು ಕಟ್ಟುವ ಸ್ವಲ್ಪ ಮುಂಚೆ ಕೊಟ್ಟರೆ ನೀರಿನ ಜೊತೆ ಅದು ಕೆಳಗೆ ಇಳಿಯುತ್ತದೆ.

ಗದ್ದೆಗೆ ಇನ್ನೊಂದು ಭಾಗ್ಯವೂ ಇದೆ. ನೀಲಿಹಸಿರು ಪಾಚಿ (ಹೆಸರು ಪಾಚಿ, ನಿಜವಾಗಿ ಒಂದು ಬಗೆಯ ಬ್ಯಾಕ್ಟೀರಿಯಾ) ಗಾಳಿಯ ಸಾರಜನಕವನ್ನು ಕಟ್ಟಿಕೊಡುತ್ತದೆ. ವಿಜ್ಞಾನಿ ಪಿ. ಕೆ. ಡೇ 1939ರಲ್ಲಿ ಗದ್ದೆಯ ಮಣ್ಣಿನಲ್ಲಿ ಇದನ್ನು ತೋರಿಸಿದರು. ನೀರಿನ ಮೇಲೆ ತೇಲುವ ಅಜೋಲಾ ಎಂಬ ಪುಟ್ಟ ಜರೀಗಿಡದ ಎಲೆಯೊಳಗೂ ಅಂಥದೇ ಒಂದು ಪಾಚಿ ಮನೆ ಮಾಡಿಕೊಂಡಿರುತ್ತದೆ. ನೂರಾರು ವರ್ಷ ಗೊಬ್ಬರದ ಚೀಲ ಕಾಣದೆಯೂ ಗದ್ದೆಗಳು ಬೆಳೆ ಕೊಟ್ಟಿದ್ದರ ಹಿಂದೆ ಇವುಗಳ ದುಡಿಮೆ ಇದೆ.

ಒಣ ಹುಲ್ಲನ್ನು ಮಣ್ಣಿಗೆ ಸೇರಿಸಿದೆ. ಬೆಳೆ ಹಳದಿ ಆಯಿತು. ಸಾವಯವ ಪದಾರ್ಥ ಒಳ್ಳೆಯದಲ್ವಾ?

ಒಳ್ಳೆಯದೇ, ಹೊತ್ತು ತಪ್ಪಿತು ಅಷ್ಟೇ. 1,000 ಕಿಲೋ ಒಣ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ, 6 ಕಿಲೋ ಸಾರಜನಕ ಇರುತ್ತದೆ. ಸೂಕ್ಷ್ಮಜೀವಿಗಳು ಇದನ್ನು ತಿಂದು ಮೂರನೇ ಎರಡರಷ್ಟು ಇಂಗಾಲವನ್ನು ಉಸಿರಾಗಿ ಬಿಡುತ್ತವೆ. ಉಳಿದ 130 ಕಿಲೋ ಇಂಗಾಲದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಅವುಗಳ ಮೈಯಲ್ಲಿ 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು. ಅಂದರೆ ಸುಮಾರು 16 ಕಿಲೋ. ಹುಲ್ಲಿನಲ್ಲಿರುವುದು 6. ಉಳಿದ 10 ಕಿಲೋವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಈ ಪೈಪೋಟಿಯಲ್ಲಿ ಗಿಡ ಹಿಂದೆ ಬೀಳುತ್ತದೆ.

ಅದೇ 1,000 ಕಿಲೋ ಒಣತೂಕದ ಎಳೆ ದ್ವಿದಳ ಸೊಪ್ಪು ಸೇರಿಸಿದ್ದರೆ ಅದರಲ್ಲಿ ಸುಮಾರು 25 ಕಿಲೋ ಸಾರಜನಕ ಇರುತ್ತದೆ. ಜೀವಿಗಳಿಗೆ 16 ಹೋಗಿ 9 ಕಿಲೋ ಗಿಡಕ್ಕೆ ಉಳಿಯುತ್ತದೆ. ಸ್ಥೂಲವಾಗಿ ಹೇಳುವುದಾದರೆ 1 ಪಾಲು ಸಾರಜನಕಕ್ಕೆ ಇಂಗಾಲ 20–25 ಪಾಲಿಗಿಂತ ಕಮ್ಮಿ ಇದ್ದರೆ ಮಣ್ಣಿಗೆ ಲಾಭ, ಜಾಸ್ತಿ ಇದ್ದರೆ ಸದ್ಯಕ್ಕೆ ಸಾಲ. ಮರದ ಹೊಟ್ಟಿನಲ್ಲಿ ಇದು ನೂರಾರು ಪಾಲು ಇರುತ್ತದೆ. ಅದನ್ನು ಮೇಲೆ ಮುಚ್ಚಿಗೆಯಾಗಿ ಹರಡಿ, ಮಣ್ಣಿನೊಳಗೆ ಬೆರೆಸಬೇಡಿ.

ಹುಲ್ಲನ್ನು ಸುಡಲು ಇದು ಕಾರಣ ಅಲ್ಲ. ಸುಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯಲ್ಲೇ ಹೋಗುತ್ತದೆ. ಬಿತ್ತನೆಗೆ ಆರೆಂಟು ವಾರ ಮೊದಲು, ತೇವ ಇದ್ದಾಗ ಸೇರಿಸಿ. ಅಷ್ಟು ಸಮಯ ಇಲ್ಲದಿದ್ದರೆ ಸ್ವಲ್ಪ ಸಾರಜನಕ ಜೊತೆಗೆ ಕೊಡಿ. ಜೀವಿಗಳು ಹಿಡಿದಿಟ್ಟಿದ್ದು ಅವು ಸತ್ತ ಮೇಲೆ ಮಣ್ಣಿಗೇ ವಾಪಸ್ ಬರುತ್ತದೆ.

ಕೊಟ್ಟಿಗೆ ಗೊಬ್ಬರ ಹಾಕಿದ ವರ್ಷವೇ ಪೂರ್ತಿ ಸಿಗುತ್ತದಾ?

ಇಲ್ಲ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5. ಹತ್ತು ಟನ್ ಹಾಕಿದರೆ 50 ಕಿಲೋ. ಮೊದಲ ಬೆಳೆಗೆ ಸಿಗುವುದು ಅದರ ಕಾಲುಭಾಗದಿಂದ ಮೂರನೇ ಒಂದು ಭಾಗ. ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬರುತ್ತದೆ. ಕೋಳಿ ಗೊಬ್ಬರ ಇದಕ್ಕಿಂತ ಬಹಳ ಚುರುಕು, ಎಳೆ ಬೇರನ್ನು ಸುಡುವಷ್ಟು. ಅದು ಚೆನ್ನಾಗಿ ಕಳಿತ ಮೇಲೆಯೇ ಹಾಕಿ.

ತಿಪ್ಪೆಯನ್ನು ಬಿಸಿಲು ಮಳೆಗೆ ಬಿಟ್ಟರೆ ಗಂಜಲದ ಸಾರಜನಕ ಒಂದೋ ಹಾರುತ್ತದೆ, ಇಲ್ಲ ಬಸಿಯುತ್ತದೆ. ತಿಪ್ಪೆಗೆ ಒಂದು ಮಾಡು ಅಥವಾ ಮಣ್ಣಿನ ಹೊದಿಕೆ ಇರಲಿ.

ದ್ವಿದಳ ಬೆಳೆ ಹಾಕಿದರೆ ಮಣ್ಣಿಗೆ ಸಾರಜನಕ ಸೇರಿಯೇ ಸೇರುತ್ತದಾ?

ಗಂಟು ಕೆಲಸ ಮಾಡುತ್ತಿದ್ದರೆ, ಮತ್ತು ಬೆಳೆಯ ಒಂದು ಪಾಲು ಹೊಲದಲ್ಲಿ ಉಳಿದರೆ ಮಾತ್ರ. ಗಂಟಿನ ಮಹತ್ವವನ್ನು ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ 1880ರ ದಶಕದಲ್ಲಿ ತೋರಿಸಿದರು. 1888ರಲ್ಲಿ ಬೈಜರಿಂಕ್ ಅದರೊಳಗಿನ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು.

ನಿಮ್ಮ ಬೆಳೆಯಲ್ಲಿ ಗಂಟು ದುಡಿಯುತ್ತಿದೆಯಾ ಅಂತ ನೋಡುವುದು ಸುಲಭ. ಬಿತ್ತಿ ನಾಲ್ಕೈದು ವಾರ ಆದ ಮೇಲೆ ಒಂದು ಗಿಡವನ್ನು ಅಗೆದು ತೆಗೆಯಿರಿ. ಸುಮ್ನೆ ಎಳೆದರೆ ಗಂಟು ಮಣ್ಣಿನಲ್ಲೇ ಕಳಚಿಕೊಳ್ಳುತ್ತದೆ. ನೀರಿನಲ್ಲಿ ಅದ್ದಿ ಮಣ್ಣು ಬಿಡಿಸಿ. ಒಂದು ದಪ್ಪ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ ಜಾತಿಯ ಪ್ರೋಟೀನಿನದು. ಅದು ಗಂಟಿನೊಳಗೆ ಆಮ್ಲಜನಕವನ್ನು ಅಳೆದು ಕೊಡುತ್ತದೆ. ಬಿಳಿ ಇದ್ದರೆ ಇನ್ನೂ ಎಳೆಯದು ಅಥವಾ ಕೆಲಸಕ್ಕೆ ಬಾರದ್ದು. ಹಸಿರು, ಕಂದು ಆಗಿದ್ದರೆ ಮುದಿಯಾಗಿದೆ.

ಮಣ್ಣಿನಲ್ಲಿ ಮೊದಲೇ ನೈಟ್ರೇಟ್ ಜಾಸ್ತಿ ಇದ್ದರೆ ಗಿಡ ಗಂಟಿನ ತಂಟೆಗೆ ಹೋಗುವುದಿಲ್ಲ. ಆ ಬೆಳೆ ಹಿಂದೆಂದೂ ಬೆಳೆಯದ ನೆಲವಾದರೆ ಅದಕ್ಕೆ ಹೊಂದುವ ಗಂಟಿನ ಬ್ಯಾಕ್ಟೀರಿಯಾ, ಅಂದರೆ ರೈಜೋಬಿಯಂ, ಇಲ್ಲದಿರಬಹುದು, ಬೀಜಕ್ಕೆ ಲೇಪಿಸಬೇಕು. ಇನ್ನು ಸೋಯಾದಂಥ ಬೆಳೆಯಲ್ಲಿ ಕಾಳಿನ ಜೊತೆಗೇ ಬಹುಪಾಲು ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಹೊಟ್ಟು, ಕಡ್ಡಿಯನ್ನೂ ಹೊತ್ತೊಯ್ದರೆ ನೆಲಕ್ಕೆ ಉಳಿಯುವುದು ಅಷ್ಟಕ್ಕಷ್ಟೇ. ಹೂವಿಗೆ ಬಂದಾಗಲೇ ಮಣ್ಣಿಗೆ ಸೇರಿಸುವ ಸೆಣಬು, ಡಯಾಂಚದ ಲೆಕ್ಕವೇ ಬೇರೆ.

ಮಿಶ್ರ ಬೆಳೆಯಲ್ಲಿ ಪಕ್ಕದ ಗಿಡಕ್ಕೂ ಆ ಸಾರಜನಕ ಹೋಗುತ್ತದಾ?

ಅದೇ ಹಂಗಾಮಿನಲ್ಲಿ ಸ್ವಲ್ಪ ಮಾತ್ರ. ದೊಡ್ಡ ಲಾಭ ಏನೆಂದರೆ ದ್ವಿದಳ ಗಿಡ ಮಣ್ಣಿನ ನೈಟ್ರೇಟಿಗೆ ಅಷ್ಟಾಗಿ ಪೈಪೋಟಿ ಮಾಡುವುದಿಲ್ಲ, ಪಕ್ಕದ ಬೆಳೆಗೆ ಜಾಸ್ತಿ ಉಳಿಯುತ್ತದೆ. ಬೇರು, ಎಲೆ ಕಳಿತದ್ದು ಮುಂದಿನ ಬೆಳೆಗೆ.

ಎಲೆ ಹಳದಿ ಆದರೆ ಸಾರಜನಕದ ಕೊರತೆಯೇ?

ಕೆಳಗಿನ ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕ ಇರಬಹುದು. ಗಿಡ ಹಳೆ ಎಲೆಯಿಂದ ಅದನ್ನು ಕಿತ್ತು ಹೊಸ ಸುಳಿಗೆ ಕಳಿಸುತ್ತದೆ. ಮೆಕ್ಕೆಜೋಳದಲ್ಲಿ ಹಳದಿ ಎಲೆಯ ತುದಿಯಿಂದ ಶುರುವಾಗಿ ನಡುನರದ ಗುಂಟ ಬುಡದ ಕಡೆಗೆ ಇಳಿಯುತ್ತದೆ. ಹೊಸ ಎಲೆಯೇ ಹಳದಿಯಾದರೆ ಗಂಧಕ ಅಥವಾ ಕಬ್ಬಿಣ ಯೋಚಿಸಿ. ನೀರು ನಿಂತು ಬೇರು ಉಸಿರುಗಟ್ಟಿದರೂ ಗಿಡ ಹಳದಿಯಾಗುತ್ತದೆ. ಅಲ್ಲಿ ಮೊದಲು ನೀರು ಬಸಿಯಬೇಕು.

ಮಣ್ಣು ಪರೀಕ್ಷೆಯ ಸಾರಜನಕದ ಸಂಖ್ಯೆಯನ್ನು ಎಷ್ಟು ನಂಬಬಹುದು?

ರಂಜಕ, ಪೊಟ್ಯಾಷ್ ಸಂಖ್ಯೆಗಳಷ್ಟು ನಂಬುವುದು ಕಷ್ಟ. ನೈಟ್ರೇಟ್ ವಾರದಿಂದ ವಾರಕ್ಕೆ ಬದಲಾಗುತ್ತದೆ. ತೇವದ ಮಾದರಿಯನ್ನು ಬಿಸಿಯಲ್ಲಿ ಚೀಲ ಕಟ್ಟಿಟ್ಟರೆ ಚೀಲದೊಳಗೇ ಜೀವಿಗಳು ಕೆಲಸ ಮುಂದುವರಿಸಿ ಸಂಖ್ಯೆ ಬದಲಿಸುತ್ತವೆ. ಮಾದರಿಯನ್ನು ಬೇಗ ನೆರಳಿನಲ್ಲಿ ಒಣಗಿಸಿ ಅಥವಾ ತಂಪಾಗಿಡಿ. ಸಾವಯವ ಇಂಗಾಲದ ಸಂಖ್ಯೆ ಇದಕ್ಕಿಂತ ಸ್ಥಿರ. ಮೇಲೆ ಮಾಡಿದ ಲೆಕ್ಕದಂತೆ ಅದರಿಂದ ಮಣ್ಣಿನ ಒಟ್ಟಾರೆ ಸಾಮರ್ಥ್ಯ ತಿಳಿಯುತ್ತದೆ. ನನ್ನ ಮಾತು ಕೇಳುವುದಾದರೆ ಆ ಸಂಖ್ಯೆಯನ್ನು ವರ್ಷ ವರ್ಷ ಬರೆದಿಡಿ.

ಸ್ವಲ್ಪ ಜಾಸ್ತಿ ಹಾಕಿದರೆ ಏನು ತೊಂದರೆ?

ಗಿಡ ಮೃದುವಾಗಿ ಬೆಳೆದು ಬೀಳುತ್ತದೆ, ರೋಗ ಕೀಟ ಜಾಸ್ತಿ, ಕಟಾವು ತಡ. ಉಳಿದ ನೈಟ್ರೇಟ್ ಬಾವಿ, ಕೊಳವೆಬಾವಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಟಲಿ ಹಾಲು ಕುಡಿಯುವ ಎಳೆ ಮಕ್ಕಳಿಗೆ ಅಪಾಯ ಹೆಚ್ಚು. ನೀರು ನಿಂತ ಮಣ್ಣಿನಿಂದ ಹೊರಡುವ ನೈಟ್ರಸ್ ಆಕ್ಸೈಡ್ ಅಂತೂ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಭೂಮಿ ಬಿಸಿ ಮಾಡುತ್ತದೆ. ಜಗತ್ತಿನ ಏಕದಳ ಧಾನ್ಯಗಳಿಗೆ ಹಾಕಿದ ಸಾರಜನಕದಲ್ಲಿ ಕಾಳಿಗೆ ಸೇರುವುದು ಮೂರನೇ ಒಂದು ಪಾಲು ಅಂತ 1999ರ ಒಂದು ಹೆಸರಾಂತ ಅಂದಾಜು ಹೇಳಿತ್ತು. ಉಳಿದ ಎರಡು ಪಾಲಿನಲ್ಲಿ ದೊಡ್ಡ ಭಾಗ ಇಂಥ ದಾರಿಗಳಲ್ಲೇ ಹೋಗುತ್ತದೆ.

ಹಾಗಾದರೆ ಸಾರಜನಕ ಯಾವಾಗ ಕೊಡಬೇಕು?

ಗಿಡ ಕೇಳುವ ಹೊತ್ತಿಗೆ ಸ್ವಲ್ಪ ಮೊದಲು. ಏಕದಳ ಬೆಳೆಗಳಲ್ಲಿ ಮೊಳಕೆಯೊಡೆದ ಮೊದಲ ಎರಡು ವಾರ ಗಿಡದ ಹಸಿವು ತೀರಾ ಕಮ್ಮಿ. ತೆಂಡೆ ಒಡೆಯುವಾಗ, ಕಾಂಡ ಏರುವಾಗ ಹಸಿವು ಜೋರು. ಬುಡಕ್ಕೆ ಸ್ವಲ್ಪ ಹಾಕಿ, ಉಳಿದದ್ದನ್ನು ಈ ಎರಡು ಹಂತಕ್ಕೆ ಇಟ್ಟುಕೊಳ್ಳಿ. ಮರಳು, ಕೆಂಪು ಮಣ್ಣಿನಲ್ಲಿ ಕಂತುಗಳು ಇನ್ನೂ ಹೆಚ್ಚಲಿ. ಎರೆಯಲ್ಲಿ ಎರಡು ಕಂತು ಸಾಕಾಗಬಹುದು, ಆದರೆ ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಎರಡು ದಿನ ಕಾಯಿರಿ. ಕಾಳು ಬಲಿಯುವ ಹಂತದಲ್ಲಿ ಕೊಟ್ಟಿದ್ದು ಇಳುವರಿಗೆ ಹೆಚ್ಚು ಸೇರುವುದಿಲ್ಲ. ಕಟಾವಾದ ಮೇಲೆ ನೆಲ ಖಾಲಿ ಬಿಡದೆ, ಬೇಗ ಬೇರು ಬಿಡುವ ಯಾವುದಾದರೂ ಹೊದಿಕೆ ಬೆಳೆ ಚೆಲ್ಲಿ. ಉಳಿದ ನೈಟ್ರೇಟನ್ನು ಅದು ಹೀರಿಕೊಂಡು, ಮಣ್ಣಿಗೆ ಸೇರಿಸಿದಾಗ ಮುಂದಿನ ಬೆಳೆಗೆ ವಾಪಸ್ ಕೊಡುತ್ತದೆ.